ಯಂತ್ರಕ್ಕಿಂತ ಮೊದಲು ಗ್ರಂಥಪಾಲಕ

(ಚೆನ್ನೈ ಕನ್ನಡಿಗರ ಗ್ರಂಥಾಲಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ತರುಣರನ್ನು ಸಂಘದತ್ತ ಸೆಳೆಯಲು ವಾಚನಾಲಯಕ್ಕೆ ನಾಲ್ಕು ಕಂಪ್ಯೂಟರುಗಳನ್ನು ಕೊಳ್ಳಬೇಕೆಂಬ ಸೂಚನೆ ಸಭೆಯ ಮುಂದಿದೆ. ಅದನ್ನು ವಿರೋಧಿಸಲು ನಾನು ನಿಂತಿಲ್ಲ. ಆ ಹಣದ ಒಂದು ಪಾಲನ್ನು ಮೊದಲು ನಮ್ಮ ಗ್ರಂಥಪಾಲಕಿಯ ತರಬೇತಿಗೆ ಮೀಸಲಿಡಿ ಎಂದು ಕೇಳಲು ನಿಂತಿದ್ದೇನೆ.

ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳನ್ನು ಪ್ರಕಟಿಸಿದ್ದು 1931ರಲ್ಲಿ. ಅದೇ ವರ್ಷ ಮನ್ನಾರ್‌ಗುಡಿಯಿಂದ ಎತ್ತಿನ ಗಾಡಿಯ ಸಂಚಾರಿ ಗ್ರಂಥಾಲಯ ಹಳ್ಳಿಗಳತ್ತ ಹೊರಟಿತು. ಗ್ರಂಥಾಲಯಕ್ಕೆ ಆ ಕಾಲದ ಹೊಸ ಸಾಧನವೆಂದರೆ ಆ ಗಾಡಿಯೇ. ಗಾಡಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಎರಡು ವರ್ಷ ಮೊದಲು, 1929ರಲ್ಲಿಯೇ, ಮದರಾಸು ಗ್ರಂಥಾಲಯ ಸಂಘವು ಗ್ರಂಥಪಾಲಕರ ತರಬೇತಿ ಶಾಲೆಯನ್ನು ತೆರೆದಿತ್ತೆಂಬುದನ್ನು ಮಾತ್ರ ಮರೆಯುತ್ತಾರೆ.

ಒಳನಾಡಿನ ಅನುಭವವೂ ಇದೇ ಪಾಠವನ್ನು ಹೇಳುತ್ತದೆ. 2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದವು. 2020ರಲ್ಲಿ, ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ‘ಅರಿವು ಕೇಂದ್ರ’ಗಳೆನಿಸಿದ ಇವುಗಳಲ್ಲಿ ಹಲವೆಡೆ ಈಗ ಕಂಪ್ಯೂಟರುಗಳಿವೆ. ಅವನ್ನು ನಡೆಸುವವರು ಇಂಜಿನಿಯರುಗಳಲ್ಲ, ಊರಿನ ಗ್ರಂಥಾಲಯ ಮೇಲ್ವಿಚಾರಕರು. ಅವರ ಕೈ ಪಳಗಿದಲ್ಲಿ ಮಾತ್ರ ಯಂತ್ರ ಮಕ್ಕಳ ಕೈಗೆ ಸಿಗುತ್ತದೆ.

ಶಿಕಾಗೋ ಸಾರ್ವಜನಿಕ ಗ್ರಂಥಾಲಯವು 2009ರಲ್ಲಿ ತರುಣರಿಗಾಗಿ ‘ಯೂಮೀಡಿಯಾ’ ವಿಭಾಗವನ್ನು ತೆರೆದಾಗ, ಯಂತ್ರಗಳ ಪಕ್ಕದಲ್ಲಿ ಗ್ರಂಥಪಾಲಕರನ್ನೂ ಮಾರ್ಗದರ್ಶಕರನ್ನೂ ಇರಿಸಿತು. ಹುಡುಗರು ಮೊದಲು ಸುಮ್ಮನೆ ಬಂದು ಕೂಡುತ್ತಾರೆ, ಆಮೇಲೆ ಕೈಯಾಡಿಸುತ್ತಾರೆ, ಕೊನೆಗೆ ಆಳಕ್ಕಿಳಿಯುತ್ತಾರೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಸುಮ್ಮನೆ ಕೂತ ಹುಡುಗನನ್ನು ಗದರದಿರುವುದನ್ನೂ ಕಲಿಯಬೇಕಾಗುತ್ತದೆ.

ನಾನು ಹಿಂದೆ ಸದಸ್ಯನಾಗಿದ್ದ ಬೇರೊಂದು ಊರಿನ ಸಂಘದಲ್ಲಿ ದಾನಿಗಳಿಂದ ಬಂದ ಎರಡು ಕಂಪ್ಯೂಟರುಗಳು ಬಟ್ಟೆ ಹೊದ್ದು ಕೂತಿದ್ದವು. ಕೋಣೆಯ ಬೀಗದ ಕೈ ಕಾರ್ಯದರ್ಶಿಗಳ ಬಳಿ. ಕೆಟ್ಟರೆ ತನ್ನ ಸಂಬಳದಲ್ಲಿ ಹಿಡಿಯುತ್ತಾರೆಂಬ ಭಯ ಗ್ರಂಥಪಾಲಕಿಗೆ. ಮಕ್ಕಳು ಬಂದರು, ನೋಡಿದರು, ಹೊರಟುಹೋದರು. ಅವರಲ್ಲಿ ನನ್ನ ಮಗನೂ ಒಬ್ಬ. ತಪ್ಪು ಆ ತಾಯಿಯದಲ್ಲ. ಆಕೆಗೆ ಕಲಿಸದ ನಮ್ಮೆಲ್ಲರದು.

ಹಾಗಾದರೆ ಏನನ್ನು ಕಲಿಸಬೇಕು? ಯುನಿಕೋಡ್‌ನಲ್ಲಿ ಕನ್ನಡ ಬೆರಳಚ್ಚು. 2003ರಿಂದ ಬೆಳೆಯುತ್ತಿರುವ ಕನ್ನಡ ವಿಕಿಪೀಡಿಯಕ್ಕೆ ಲೇಖನ ಸೇರಿಸುವ ಕ್ರಮ. ಹಿರಿಯರ ವಲಸೆಯ ನೆನಪುಗಳನ್ನು ಧ್ವನಿಮುದ್ರಿಸಿ ಜೋಪಾನ ಮಾಡುವ ಬಗೆ. ಮಕ್ಕಳ ಚಿತ್ರ, ದೂರವಾಣಿ ಸಂಖ್ಯೆಗಳು ಹೊರಹೋಗದಂತೆ ಕಾಯುವ ಎಚ್ಚರ. ಎಲ್ಲಕ್ಕಿಂತ ಮಿಗಿಲಾಗಿ, “ನನಗೂ ಗೊತ್ತಿಲ್ಲ, ಬಾ ಮರಿ, ಸೇರಿ ನೋಡೋಣ” ಎನ್ನುವ ಧೈರ್ಯ.

ನಮ್ಮ ಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕನ್ನಡ ಆಡುತ್ತಾರೆ, ಅಕ್ಷರ ಅರಿಯರು. ಅಜ್ಜಿಯ ಮಾತನ್ನು ತಾವೇ ಕನ್ನಡದಲ್ಲಿ ಅಚ್ಚಿಸಬೇಕಾದಾಗ ಅಕ್ಷರ ಅವರಿಗೆ ಬೇಕಾಗುತ್ತದೆ. ಪಾಠವೆಂದು ಒಲ್ಲದ್ದನ್ನು ಕೆಲಸವೆಂದು ಕಲಿತಾರು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಈ ವರ್ಷ ನಾಲ್ಕರ ಬದಲು ಎರಡು ಯಂತ್ರ ಸಾಕು. ಉಳಿದ ಹಣದಲ್ಲಿ ಗ್ರಂಥಪಾಲಕಿಗೆ ತರಬೇತಿ, ತರಬೇತಿಯ ದಿನಗಳಿಗೆ ಸಂಬಳ. ಜೊತೆಗೆ ಬೀಗದ ಕೈಯೂ ಆಕೆಯ ಕೈಯಲ್ಲಿರಲಿ.