ಅರ್ಧ ದಿನದ ಕೆಲಸ, ಅರ್ಧವಾಗುವ ಉಪದಾನ

(ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಕೊಳವೆಬಾವಿಯನ್ನೇ ನಂಬಿದ ಊರಿನಲ್ಲಿ ನೀರುಗಂಟಿಗೆ ಹೊತ್ತುಗೊತ್ತು ಎಂಬುದಿಲ್ಲ. ಕರೆಂಟು ಬಂದಾಗ ಎದ್ದು ಮೋಟಾರು ಹಾಕಬೇಕು, ತೊಂಬೆ ತುಂಬಿಸಬೇಕು, ಬೀದಿಯಿಂದ ಬೀದಿಗೆ ವಾಲ್ವ್ ತಿರುಗಿಸಬೇಕು. ಇಪ್ಪತ್ತು ಇಪ್ಪತ್ತೈದು ವರ್ಷ ಹೀಗೆ ದುಡಿದವರಿಗೆ ಐವತ್ತೆಂಟರ ಹೊತ್ತಿಗೆ ಮೊಣಕಾಲು ಸೋಲುತ್ತದೆ. ಇತ್ತ ಬಹುಗ್ರಾಮ ಯೋಜನೆಯ ನೀರು ಬಂದ ಊರುಗಳಲ್ಲಿ ಮೋಟಾರಿನ ಕೆಲಸವೂ ಕಡಿಮೆಯಾಗುತ್ತದೆ. ಆಗ ಸಭೆಯಲ್ಲಿ ಯಾರಾದರೊಬ್ಬ ಸದಸ್ಯರು, "ಪಾಪ, ವಯಸ್ಸಾಯಿತು, ಅರ್ಧ ದಿನ ಬರಲಿ, ಅರ್ಧ ಸಂಬಳ ಕೊಡೋಣ" ಎನ್ನುತ್ತಾರೆ. ಎಲ್ಲರೂ ಒಪ್ಪುತ್ತಾರೆ. ನೌಕರನೂ ಕೈಮುಗಿದು ಒಪ್ಪುತ್ತಾನೆ. ಕರುಣೆಯಿಂದ ಆದ ಆ ನಿರ್ಣಯವೇ ಆತನ ಜೀವಮಾನದ ಗಳಿಕೆಯ ದೊಡ್ಡ ಪಾಲನ್ನು ಕಳೆಯಬಲ್ಲದು. ಇಂದಿನ ವಿಷಯ ಅದೇ.

ಗ್ರಾಚ್ಯುಟಿ ಎಂದು ಎಲ್ಲರೂ ಕರೆಯುವ ಉಪದಾನದ ಲೆಕ್ಕ ಸರಳವಾದುದು. ಕೊನೆಯದಾಗಿ ಪಡೆದ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದುದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಆರು ತಿಂಗಳು ಮೀರಿದ ಅವಧಿಯನ್ನು ಪೂರ್ಣ ವರ್ಷವೆಂದು ಎಣಿಸಬೇಕು. 1972ರ ಉಪದಾನ ಪಾವತಿ ಅಧಿನಿಯಮದಲ್ಲಿದ್ದ ಈ ಸೂತ್ರವು 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ ಮುಂದುವರಿದಿದೆ. ಹತ್ತು ಅಥವಾ ಹೆಚ್ಚು ಜನರನ್ನು ನೇಮಿಸಿಕೊಂಡ ಸ್ಥಳೀಯ ಸಂಸ್ಥೆಗಳನ್ನು 1982ರ ಜನವರಿಯ ಕೇಂದ್ರ ಅಧಿಸೂಚನೆಯು ಹಳೆಯ ಅಧಿನಿಯಮದ ವ್ಯಾಪ್ತಿಗೆ ತಂದಿತ್ತು. ಕಾನ್ಪುರ ನಗರ ನಿಗಮದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಅದಕ್ಕಿಂತ ಕಡಿಮೆ ನೌಕರರಿರುವ ಪಂಚಾಯಿತಿಗಳು ಸರ್ಕಾರದ ಸೇವಾ ಆದೇಶಗಳನ್ನು ನೋಡಿಕೊಳ್ಳಬೇಕು.

ಈಗ ಒಂದು ಕಲ್ಪಿತ ಉದಾಹರಣೆ. ಲೆಕ್ಕಕ್ಕೆ ಅನುಕೂಲವಾಗಲೆಂದು ತಿಂಗಳ ವೇತನ 15,600 ರೂಪಾಯಿ ಎಂದಿಟ್ಟುಕೊಳ್ಳೋಣ. ನೀರುಗಂಟಿಗೆ 58 ವರ್ಷ, ಸೇವೆ 24 ವರ್ಷ. ಆತ ಇಂದೇ ರಾಜೀನಾಮೆ ಕೊಟ್ಟರೆ ವರ್ಷಕ್ಕೆ 9,000ದಂತೆ 2,16,000 ರೂಪಾಯಿ ಉಪದಾನ ಬರುತ್ತದೆ. ಪೂರ್ಣ ವೇತನದಲ್ಲಿಯೇ ಅರವತ್ತರವರೆಗೆ ದುಡಿದರೆ 26 ವರ್ಷಕ್ಕೆ 2,34,000. ಆದರೆ ಮೇಲಿನ ನಿರ್ಣಯದಂತೆ ಕೊನೆಯ ಎರಡು ವರ್ಷ 7,800 ರೂಪಾಯಿಗೆ ದುಡಿದನೆನ್ನಿ. ಕೊನೆಯ ವೇತನವನ್ನೇ ಹಿಡಿದು ಲೆಕ್ಕ ಹಾಕಿದರೆ ವರ್ಷಕ್ಕೆ 4,500ರಂತೆ ಕೈಗೆ ಬರುವುದು 1,17,000. ಎರಡು ವರ್ಷ ಹೆಚ್ಚು ದುಡಿದು 99,000 ರೂಪಾಯಿ ಕಡಿಮೆ ಪಡೆದಂತಾಯಿತು. ಪೂರ್ಣಾವಧಿಯಾಗಿ ದುಡಿದ 24 ವರ್ಷಗಳೂ ಅರ್ಧ ಬೆಲೆಗೆ ಇಳಿದವು.

ಕಾನೂನಿಗೆ ಈ ಅನ್ಯಾಯದ ಅರಿವಿಲ್ಲವೆಂದಲ್ಲ. ಅಪಘಾತ ಅಥವಾ ಕಾಯಿಲೆಯಿಂದ ಅಶಕ್ತನಾಗಿ ಕಡಿಮೆ ವೇತನದಲ್ಲಿ ಮುಂದುವರಿದವನ ವಿಷಯದಲ್ಲಿ, ಅಶಕ್ತತೆಗೆ ಮುಂಚಿನ ವರ್ಷಗಳಿಗೆ ಹಳೆಯ ವೇತನ, ನಂತರದ ವರ್ಷಗಳಿಗೆ ಇಳಿದ ವೇತನ ಹಿಡಿಯಬೇಕೆಂದು 1972ರ ಅಧಿನಿಯಮದ 4(4)ನೇ ಪ್ರಕರಣದಿಂದ ಬಂದ ನಿಯಮ ಹೇಳುತ್ತದೆ. ವಯಸ್ಸಾಯಿತೆಂದು ಪರಸ್ಪರ ಒಪ್ಪಿ ಕೆಲಸ ಇಳಿಸಿಕೊಂಡವನಿಗೆ ಅಂಥ ರಕ್ಷಣೆಯನ್ನು ಅಲ್ಲಿ ಬರೆದಿಲ್ಲ. ಮೊಣಕಾಲು ನಿಜವಾಗಿಯೂ ಸೋತಿದ್ದರೆ ವೈದ್ಯರ ಪ್ರಮಾಣಪತ್ರವನ್ನು ಕಡತದಲ್ಲಿ ಇಡುವುದು ಎಷ್ಟು ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ.

ಇನ್ನೊಂದು ಪೆಟ್ಟು ಉದ್ಯೋಗ ಕಡಿತದ ಪರಿಹಾರಕ್ಕೆ ಬೀಳುತ್ತದೆ. ಹೊಸ ಯೋಜನೆಯಿಂದ ಕೆಲಸವೇ ಇಲ್ಲವಾಗಿ ನೌಕರನನ್ನು ತೆಗೆಯಬೇಕಾಗಿ ಬಂದರೆ, ಒಂದು ತಿಂಗಳ ನೋಟಿಸು ಅಥವಾ ಅದರ ವೇತನದ ಜೊತೆಗೆ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಕೊಡಬೇಕೆಂಬುದು 1947ರ ಕೈಗಾರಿಕಾ ವಿವಾದಗಳ ಅಧಿನಿಯಮದ 25ಎಫ್ ಪ್ರಕರಣದಿಂದ ಬಂದ ನಿಯಮ. ಇದು ಉಪದಾನಕ್ಕೆ ಬದಲಾಗಿ ಕೊಡುವುದಲ್ಲ, ಅದರ ಜೊತೆಗೆ ಕೊಡುವುದು. ತಿಂಗಳ ಸಂಬಳದವರಿಗೆ ಸರಾಸರಿ ಎಂದರೆ ಹಿಂದಿನ ಮೂರು ಪೂರ್ಣ ತಿಂಗಳುಗಳ ಸರಾಸರಿ. ಆ ಮೂರು ತಿಂಗಳು ಅರ್ಧ ಸಂಬಳದವಾದರೆ ಪರಿಹಾರವೂ ಅರ್ಧ. ಸ್ಥಳೀಯ ಸಂಸ್ಥೆಗಳ ಸೇವೆಯೂ 'ಕೈಗಾರಿಕೆ' ಆಗಬಹುದೆಂಬ ವಿಶಾಲ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯ ಕೊಟ್ಟದ್ದು 1978ರಲ್ಲಿ, ನಮ್ಮದೇ ರಾಜ್ಯದ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಎಂಬುದನ್ನು ನೆನೆಯಬಹುದು.

ಅರ್ಧ ಕೆಲಸವನ್ನು ಹೇಗೆ ಹಂಚಿದೆ ಎಂಬುದೂ ಮುಖ್ಯ. ದಿನವೂ ಅರ್ಧ ದಿನ ಬಂದರೆ ಹಾಜರಿ ಕೆಡುವುದಿಲ್ಲ. ದಿನ ಬಿಟ್ಟು ದಿನ ಬರಲೆಂದರೆ ವರ್ಷಕ್ಕೆ 240 ದಿನಗಳ ಮಿತಿ ತಪ್ಪಿ, ಆ ವರ್ಷ ನಿರಂತರ ಸೇವೆಯೇ ಅಲ್ಲವೆಂಬ ವಾದಕ್ಕೆ ದಾರಿಯಾಗುತ್ತದೆ. ಕೆಲವೆಡೆ ಸ್ವಇಚ್ಛಾ ನಿವೃತ್ತಿಯ ಪತ್ರ ಬರೆಸಿಕೊಂಡು ಮರುದಿನದಿಂದ ಗೌರವಧನಕ್ಕೆ ಇಟ್ಟುಕೊಳ್ಳುವುದುಂಟು. ಸ್ವಇಚ್ಛಾ ನಿವೃತ್ತಿಯೂ ವಯೋನಿವೃತ್ತಿಯೂ ಉದ್ಯೋಗ ಕಡಿತವೆನಿಸುವುದಿಲ್ಲ. ಆ ಪರಿಹಾರದ ಹಕ್ಕು ಪತ್ರಕ್ಕೆ ಸಹಿ ಹಾಕಿದ ದಿನವೇ ಹೋಯಿತು. ಅಲ್ಲದೆ, ಒಂದೇ ವರ್ಗದಲ್ಲಿ ಕೊನೆಗೆ ಸೇರಿದವರನ್ನು ಮೊದಲು ಬಿಡಬೇಕೆಂಬುದು ಸಾಮಾನ್ಯ ನಿಯಮವಾದ್ದರಿಂದ, ಹಿರಿಯ ನೀರುಗಂಟಿಯನ್ನೇ ಮೊದಲು ಇಳಿಸುವುದಕ್ಕೆ ಕಾರಣವನ್ನು ದಾಖಲಿಸಲೇಬೇಕು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2023ರ ಅಕ್ಟೋಬರ್‌ನಿಂದ ಭಾಗಶಃ ನಿವೃತ್ತಿಗೆ ಅವಕಾಶವಿದೆ. ಪಿಂಚಣಿಗೆ ಎಣಿಸುವ ವೇತನವನ್ನು ಕನಿಷ್ಠ ಶೇ. 10ರಷ್ಟು ಇಳಿಸಿಕೊಂಡು, ಪಿಂಚಣಿಯ ಒಂದು ಭಾಗ ಪಡೆಯುತ್ತ ಕೆಲಸದಲ್ಲಿ ಮುಂದುವರಿಯಬಹುದು. ಅಲ್ಲಿ ಇಳಿದ ಸಂಬಳದ ಜೊತೆಗೆ ಪಿಂಚಣಿ ಕೈಗೆ ಬರುತ್ತದೆ. ಇಲ್ಲಿಯ ನೀರುಗಂಟಿಗೆ ಬರುವುದು ಇಳಿದ ಸಂಬಳ ಮಾತ್ರ.

ಹಾಗಾದರೆ ಸದಸ್ಯರು ಏನು ಮಾಡಬಹುದು? ಮೊದಲ ದಾರಿ, ವೇತನವನ್ನು ಮುಟ್ಟದೆ ಕೆಲಸವನ್ನಷ್ಟೇ ಹಗುರಗೊಳಿಸುವುದು. ವಾಲ್ವ್ ಬಿಡಿಸಿ ಕಚೇರಿಯ ಕೆಲಸ ಕೊಡಬಹುದು. ಅದು ಆಗದಿದ್ದರೆ, ಪೂರ್ಣ ವೇತನದ ಲೆಕ್ಕದಲ್ಲಿ ಉಪದಾನವನ್ನು ಮೊದಲು ತೀರಿಸಿ, ಮುಂದಿನ ಏರ್ಪಾಡನ್ನು ಬೇರೆಯಾಗಿಯೇ ಮಾಡುವುದು. ಮೂರನೆಯದಾಗಿ, ಪೂರ್ಣಾವಧಿಯ ವರ್ಷಗಳಿಗೆ ಕೊನೆಯ ಪೂರ್ಣ ವೇತನವನ್ನೇ ಹಿಡಿಯತಕ್ಕದ್ದೆಂದು ನಿರ್ಣಯದಲ್ಲಿಯೇ ಬರೆದು ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರ ಅನುಮೋದನೆ ಪಡೆಯುವುದು. ಕಾನೂನು ಹೇಳಿದ್ದಕ್ಕಿಂತ ಉತ್ತಮವಾದ ಷರತ್ತನ್ನು ಕಾನೂನು ತಡೆಯುವುದಿಲ್ಲ. ಯಾವ ದಾರಿ ಹಿಡಿದರೂ, ಎರಡೂ ಲೆಕ್ಕಗಳನ್ನು ಒಂದು ಹಾಳೆಯಲ್ಲಿ ಬರೆದು ನೌಕರನಿಗೆ ಓದಿ ಹೇಳಿದ ಮೇಲೆಯೇ ಆತನ ಸಹಿ ಪಡೆಯಬೇಕು.

ಹಣದ ಮಾತೂ ಇದೆ. ಉಪದಾನವನ್ನು ನೌಕರ ಅರ್ಜಿ ಕೊಡಲಿ, ಬಿಡಲಿ, ಪಂಚಾಯಿತಿಯೇ ಲೆಕ್ಕ ಹಾಕಿ 30 ದಿನಗಳೊಳಗೆ ಪಾವತಿಸಬೇಕು. ತಡವಾದರೆ ಸರಳ ಬಡ್ಡಿ ಸೇರುತ್ತದೆ. ಆದ್ದರಿಂದ ಮುಂದಿನ ಮೂರು ವರ್ಷಗಳಲ್ಲಿ ಅರವತ್ತು ತುಂಬುವವರ ಪಟ್ಟಿಯನ್ನು ಈಗಲೇ ಮಾಡಿ, ತಲಾ ಎಷ್ಟು ಬೇಕೆಂಬುದನ್ನು ಈ ಸಾಲಿನ ಆಯವ್ಯಯದಲ್ಲಿಯೇ ತೋರಿಸುವುದು ಸೂಕ್ತ. ಪಟ್ಟಿ ಮಾಡುವಾಗ ಸೇವಾ ದಾಖಲೆಯಲ್ಲಿ ಹುಟ್ಟಿದ ದಿನಾಂಕವೂ ಕೆಲಸಕ್ಕೆ ಸೇರಿದ ದಿನಾಂಕವೂ ಸರಿಯಾಗಿವೆಯೇ ಎಂದು ಆಯಾ ನೌಕರರನ್ನು ಎದುರಿಗೆ ಕೂರಿಸಿಕೊಂಡು ಪರಿಶೀಲಿಸಿ.