ಹಳೆಯ ಕಂಪ್ಯೂಟರ್, ಹೊಸ ಓದು
(ಕಲಿಕಾ ಕೇಂದ್ರದ ಸಭೆಯಲ್ಲಿ ಸ್ವಯಂಸೇವಕಿಯೊಬ್ಬರು ಆಡಿದ ಮಾತು)



2020ನೇ ಇಸವಿ ನೆನಪಿದೆಯಾ? ಕೊರೊನಾ ಬಂತು. ಶಾಲೆಗೆ ಬೀಗ ಬಿತ್ತು. ಪಾಠ ಫೋನಿನಲ್ಲಿ ಬಂತು. ಫೋನ್ ಇದ್ದವರ ಮಕ್ಕಳು ಓದಿದರು. ಇಲ್ಲದವರ ಮಕ್ಕಳು ಕೂಲಿಗೆ ಹೋದರು. ಎಷ್ಟೋ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ. ಅಪ್ಪ ಮನೆಗೆ ಬಂದ ಮೇಲೆ ಮೊದಲು ಮಗನ ಕೈಗೆ. ಮಗಳ ಸರದಿ ಬರೋ ಹೊತ್ತಿಗೆ ಚಾರ್ಜು ಖಾಲಿ!

ಈ ಕಷ್ಟ ನಮಗೆ ಮಾತ್ರ ಅಂತ ತಿಳೀಬೇಡಿ. ಅಮೆರಿಕದಲ್ಲೂ ಬಡವರಿದ್ದಾರೆ. ಅಲ್ಲಿನ ಟೆಕ್ಸಾಸ್ ರಾಜ್ಯದಲ್ಲಿ ಆಸ್ಟಿನ್ ಎಂಬ ನಗರವಿದೆ. ಅಲ್ಲಿ ಕಂಪ್ಯೂಟರ್ ಕಂಪನಿಗಳು ಬಹಳ. ಆದರೂ ಎಷ್ಟೋ ಬಡ ಮಕ್ಕಳ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅಂತಾರಲ್ಲ, ಹಾಗೆ.

ಕೆನ್ ಸ್ಟಾರ್ಕ್ಸ್ ಎಂಬುವರು ಇದನ್ನು ಕಂಡರು. 2005ರಲ್ಲಿ ಕೆಲಸ ಶುರು ಮಾಡಿದರು. ಜನ ಬೇಡವೆಂದ ಹಳೆಯ ಕಂಪ್ಯೂಟರ್‌ಗಳನ್ನು ಕೇಳಿ ತಂದರು. ಸ್ವಯಂಸೇವಕರು ಕೂಡಿ ಅವನ್ನು ರಿಪೇರಿ ಮಾಡಿದರು. ಬಡ ಮಕ್ಕಳ ಮನೆಗೆ ಬಿಟ್ಟಿಯಾಗಿ ಕೊಟ್ಟರು. ಅವರ ಸಂಸ್ಥೆಯ ಹೆಸರು ರಿಗ್ಲೂ. ಹೀಗೆ ಕೊಟ್ಟ ಕಂಪ್ಯೂಟರ್‌ಗಳು ಸಾವಿರಕ್ಕೂ ಹೆಚ್ಚು. ಈ ಕೆಲಸಕ್ಕೆ 2014ರ ಸಾಲಿನ ಪ್ರಶಸ್ತಿಯೊಂದು ಬಂತು. ಕೊಟ್ಟವರು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆಯವರು.

ಕಂಪ್ಯೂಟರ್ ಪೆಟ್ಟಿಗೆ ಇದ್ದರೆ ಸಾಲದು. ಅದನ್ನು ನಡೆಸೋ ತಂತ್ರಾಂಶ ಬೇಕು. ಕೆಲವು ತಂತ್ರಾಂಶಕ್ಕೆ ದುಡ್ಡು ಕೊಡಬೇಕು. ಇನ್ನೊಬ್ಬರಿಗೆ ಹಂಚೋ ಹಾಗಿಲ್ಲ. ರಿಗ್ಲೂದವರು ಲಿನಕ್ಸ್ ಎಂಬುದನ್ನು ಹಾಕಿದರು. ಅದು ಮನೆಯ ಬಿತ್ತನೆ ಬೀಜ ಇದ್ದಂತೆ. ನೆರೆಯವರಿಗೆ ಕೊಡಬಹುದು. ಯಾರಪ್ಪಣೆಯೂ ಬೇಡ. 1991ರಲ್ಲಿ ಫಿನ್‌ಲೆಂಡ್ ದೇಶದ ಲೈನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದನ್ನು ಶುರು ಮಾಡಿದರು. ಆಮೇಲೆ ಸಾವಿರಾರು ಜನ ಕೈಗೂಡಿಸಿದರು. ಅದರಲ್ಲಿ ಹಳೆಯ ಕಂಪ್ಯೂಟರೂ ನಡೆಯುತ್ತದೆ. ಕನ್ನಡವನ್ನೂ ಬರೆಯಬಹುದು.

ಮೊನ್ನೆ ಒಬ್ಬ ಅಕ್ಕ ಕೇಳಿದರು: "ಬೇರೆಯವರು ಬಿಸಾಕಿದ್ದು ನಮ್ಮ ಮಕ್ಕಳಿಗೆ ಯಾಕಮ್ಮ? ಇದು ಭಿಕ್ಷೆ ಅಲ್ವಾ?"

ಒಳ್ಳೆಯ ಪ್ರಶ್ನೆ. ಕೆಟ್ಟದ್ದನ್ನು ತಂದು ಸುರಿದರೆ ಅದು ಕಸ. ರಿಪೇರಿ ಮಾಡಿ, ಕಲಿಸಿ ಕೊಟ್ಟರೆ ಅದು ನೆರವು. ದೊಡ್ಡ ಮಗಳ ಪುಸ್ತಕದಲ್ಲಿ ಚಿಕ್ಕವಳು ಓದೋದಿಲ್ವಾ? ಪುಸ್ತಕ ಹಳೆಯದು, ಓದು ಹೊಸದು.

ಹಾಗಾದರೆ ನಾವೇನು ಮಾಡಬಹುದು? ನಮ್ಮ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅದರಲ್ಲಿ ತಾಯಂದಿರಿಗೂ ಜಾಗ ಇದೆ. ಸಭೆಗೆ ಹೋಗೋಣ. ಮೂರು ಮಾತು ಕೇಳೋಣ. ಶಾಲೆಯಲ್ಲಿ ಕಂಪ್ಯೂಟರ್ ಇದೆಯಾ? ಇದ್ದರೆ ನಡೀತಾ ಇದೆಯಾ, ಇಲ್ಲಾ ಬಟ್ಟೆ ಮುಚ್ಚಿ ಇಟ್ಟಿದ್ದಾರಾ? ಹುಡುಗಿಯರಿಗೂ ಸಮ ಸರದಿ ಸಿಗುತ್ತಾ?

ಬಾಯಿಮಾತು ಗಾಳಿಗೆ ಹೋಗುತ್ತೆ. ಕಾಗದ ಉಳಿಯುತ್ತೆ. ಅದಕ್ಕೇ ಅರ್ಜಿ ಬರೆಯೋಣ. ಕೆಳಗೆ ನಮ್ಮ ಹೆಸರು ಹಾಕೋಣ. ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಈಗ ರುಜು ಹಾಕುತ್ತೆ. ಆ ರುಜು ಮಗಳ ಸರದಿಗಾಗಿ ಬೀಳಲಿ.

ಬನ್ನಿ ಅಕ್ಕಾ, ಇವತ್ತೇ ಬರೆಯೋಣ. ಪೆನ್ನು ತೆಗೀರಿ.