ನರಕ್ಕೆ ಏರಿಸುವ ಬೇರಿನ ರಸ

(ಸಾಸ್ವೆಹಳ್ಳಿಯಲ್ಲಿ ಕೂಡಿದ ರೈತ-ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಅಡಿಕೆ ಧಾರಣೆಯ ಮೇಲೆ ಮಾತಾಡಲು ನನ್ನನ್ನು ಕರೆದಿದ್ದರು. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಇಬ್ಬರು ವೇದಿಕೆಯ ಮೇಲೆಯೇ ಇದ್ದಾರೆ. ನಾನು ಬೇರೊಂದು ವಿಷಯ ಎತ್ತಿಕೊಳ್ಳುತ್ತೇನೆ. ಸಂಜೆಯ ಹೊತ್ತಿಗೆ ಬೈಕಿಗೆ ಚೀಲ ನೇತುಹಾಕಿಕೊಂಡು ಊರಿಗೆ ಬರುವ 'ಡಾಕ್ಟರ'ರ ವಿಷಯ. ಇವರು ಮೊದಲು ಗ್ಲೂಕೋಸು ಬಾಟ್ಲಿ ಏರಿಸುತ್ತಿದ್ದರು. ಈಗ ಒಬ್ಬಿಬ್ಬರು ಇನ್ನೂ ಮುಂದೆ ಹೋಗಿ, ಬೇರಿನ ಸತ್ವವೆಂದು ಹೇಳಿ ಯಾವುದೋ ರಸವನ್ನು ಅದೇ ಬಾಟ್ಲಿಗೆ ಸೇರಿಸಿ ನರಕ್ಕೆ ಬಿಡುತ್ತಾರೆ. ಕ್ಷಯಕ್ಕೂ ಅದೇ, ಮಾಯದ ಹುಣ್ಣಿಗೂ ಅದೇ. "ಇಂಗ್ಲಿಷ್ ಔಷಧಿ ಉಷ್ಣ, ಇದು ಗಿಡಮೂಲಿಕೆ, ಏನೂ ಆಗುವುದಿಲ್ಲ" ಎಂಬುದು ಇವರ ಮಾತು.

ನಮ್ಮ ಸಂಘದ ಕೂಲಿಕಾರರೊಬ್ಬರು, ಹೆಸರು ಬೇಡ, ಕ್ಷಯದ ಮಾತ್ರೆಯನ್ನು ಎರಡು ತಿಂಗಳು ನುಂಗಿದರು. ಕೆಮ್ಮು ನಿಂತಿತು, ಹಸಿವಾಯಿತು. ಇನ್ನು ನಾಲ್ಕು ತಿಂಗಳು ನುಂಗಬೇಕಿತ್ತು. ಅಷ್ಟರಲ್ಲಿ ಒಬ್ಬರು ಬಂದು, ಏಳು ಸಲ ನರಕ್ಕೆ ಹಾಕಿಸಿಕೊಂಡರೆ ಮಾತ್ರೆಯೇ ಬೇಡ ಎಂದರು. ಇವರು ಕೈಸಾಲ ಮಾಡಿ ಹಾಕಿಸಿಕೊಂಡರು. ಮಳೆಗಾಲ ಮುಗಿಯುವುದರೊಳಗೆ ಮತ್ತೆ ರಕ್ತ ಕಾರಿದರು. ನಡುವೆ ಮಾತ್ರೆ ಬಿಟ್ಟರೆ ಉಳಿದ ಕ್ರಿಮಿ ಆ ಮಾತ್ರೆಗೆ ಜಗ್ಗದಂತಾಗಬಹುದು. ಆಗ ಇನ್ನೂ ಕಠಿಣವಾದ ಔಷಧಿ ಬೇಕು. ಅದೇ ಕ್ರಿಮಿ ಮನೆಯ ಮಕ್ಕಳ ಎದೆಗೂ ಇಳಿಯುತ್ತದೆ.

ಗಿಡಮೂಲಿಕೆ ಎಂದರೆ ಮೂಗು ಮುರಿಯುವವನು ನಾನಲ್ಲ. ಕಾಡಿನ ಔಷಧಿಯನ್ನು ನರಕ್ಕೆ ಕೊಟ್ಟದ್ದು ನಿಜವಾಗಿ ನಡೆದದ್ದುಂಟು. ಶಿವಮೊಗ್ಗ ದಾಟಿ ಘಟ್ಟದ ಹೊಳೆಸಾಲಿನ ಕಾಡಿಗೆ ಹೋದರೆ ಗರುಡಫಲದ ಮರ ಸಿಗುತ್ತದೆ. ಸುಶ್ರುತಸಂಹಿತೆಯಲ್ಲಿ ಅದರ ಹೆಸರು ತುವರಕ. ಅದರ ಬೀಜದ ಎಣ್ಣೆ ಕುಷ್ಠಕ್ಕೆ ಮದ್ದು ಎಂದು ಅಲ್ಲಿ ಹೇಳಿದೆ. ಆದರೆ ಕುಡಿದರೆ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಸೂಜಿಯಿಂದ ಚುಚ್ಚಿದರೆ ಆ ಮಂದವಾದ ಎಣ್ಣೆ ಚರ್ಮದಡಿ ಗಂಟುಗಟ್ಟಿ ಕೀವಾಗುತ್ತಿತ್ತು. 1915ರ ಸುಮಾರಿಗೆ ಹವಾಯಿ ದ್ವೀಪದಲ್ಲಿ ಆಲಿಸ್ ಬಾಲ್ ಎಂಬ ಕರಿಯ ಜನಾಂಗದ ತರುಣಿ, ರಸಾಯನಶಾಸ್ತ್ರದ ಅಧ್ಯಾಪಕಿ, ಇದೇ ಬಗೆಯ ಎಣ್ಣೆಯನ್ನು ಮೈಯೊಳಗೆ ಇಂಗುವಂತೆ ಮಾಡುವ ದಾರಿ ಕಂಡುಹಿಡಿದರು. 1916ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೇ ತೀರಿಕೊಂಡರು. ಅವರ ಕಾಲೇಜಿನ ಮುಖ್ಯಸ್ಥರು ಆ ಕೆಲಸವನ್ನು ಅವರ ಹೆಸರೆತ್ತದೆ ಪ್ರಕಟಿಸಿದರು. ದುಡಿದವರು ಒಬ್ಬರು, ರಾಶಿ ಇನ್ನೊಬ್ಬರ ಕಣಜಕ್ಕೆ. ಗೇಣಿದಾರರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಕಾಲದಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸ್ ಎಂಬ ವೈದ್ಯರು ಈ ಜಾತಿಯ ಎಣ್ಣೆಯಿಂದ ಲವಣವನ್ನು ಬೇರ್ಪಡಿಸಿ ನೇರವಾಗಿ ನರಕ್ಕೆ ಕೊಟ್ಟು ನೋಡಿದರು. ಗಮನಿಸಿರಿ, ಅವರು ಬೀಜ ಅರೆದು ಬಟ್ಟೆಯಲ್ಲಿ ಸೋಸಿ ಚುಚ್ಚಲಿಲ್ಲ. ತೂಕ ಮಾಡಿ ಕೊಟ್ಟರು, ಆದದ್ದನ್ನು ಬರೆದಿಟ್ಟರು. ಹಾಗಿದ್ದೂ ಚುಚ್ಚಿದ ನರಗಳು ಮುಚ್ಚಿಹೋಗುತ್ತಿದ್ದವು. ಕೆಲವರಿಗೆ ಗುಣ ಕಂಡಿತು, ಆದರೆ ರೋಗ ಮರುಕಳಿಸುವುದು ತಪ್ಪಲಿಲ್ಲ. 1941ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠಾಲಯದಲ್ಲಿ ಸಲ್ಫೋನ್ ಔಷಧಿ ಪ್ರಯೋಗ ಮೊದಲಾಯಿತು. ಅದನ್ನೂ ಮೊದಲು ನರಕ್ಕೇ ಕೊಟ್ಟರು. ಆಮೇಲೆ ಡ್ಯಾಪ್ಸೋನ್ ಮಾತ್ರೆ ಬಂತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಿಗಳನ್ನು ಕೂಡಿಸಿ ಕೊಡಬೇಕೆಂದಿತು. ಸ್ಪರ್ಶವಿಲ್ಲದ ಮಚ್ಚೆ ಕಂಡೊಡನೆ ಹೋದರೆ ಆರು ತಿಂಗಳಿಗೋ ಹನ್ನೆರಡು ತಿಂಗಳಿಗೋ ಕುಷ್ಠ ಇಂದು ವಾಸಿಯಾಗುತ್ತದೆ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಸೂಜಿಯೇ ಬೇಡ.

ಚೀನಾದಲ್ಲಿ ತು ಯೂಯೂ ಎಂಬ ಮಹಿಳೆ ಒಂದು ಗಿಡದಿಂದ ಮಲೇರಿಯಾ ಔಷಧಿ ತೆಗೆದು 2015ರಲ್ಲಿ ನೊಬೆಲ್ ಪಡೆದರು. ಅದರಿಂದ ಮಾಡಿದ ಔಷಧಿಯನ್ನು ಜೀವಕ್ಕೆ ಬಂದ ರೋಗಿಗೆ ಇಂದಿಗೂ ನರಕ್ಕೆ ಕೊಡುತ್ತಾರೆ. ಅದು ಸೊಪ್ಪಿನ ರಸವಲ್ಲ, ಶೋಧಿಸಿ ಅಳೆದ ಒಂದೇ ಪದಾರ್ಥ. ಅದೇ ಚೀನಾದಲ್ಲಿ ಸೊಪ್ಪಿನ ಸತ್ವದ ಇಂಜೆಕ್ಷನ್ನುಗಳೂ ಕಾರ್ಖಾನೆಯಲ್ಲಿ ತಯಾರಾದವು. ಅವುಗಳಲ್ಲಿ ಒಂದು ಸೊಪ್ಪಿನವನ್ನು ಜನ ಸತ್ತ ಮೇಲೆ 2006ರಲ್ಲಿ ಸರ್ಕಾರವೇ ತಡೆಹಿಡಿಯಿತು.

ಬಾಯಿಂದ ಇಳಿದದ್ದನ್ನು ಕರುಳು, ಯಕೃತ್ತು ತಡೆದು ನೋಡುತ್ತವೆ, ಬೇಡವಾದದ್ದನ್ನು ಹೊರಗೆ ಹಾಕುತ್ತವೆ. ನರಕ್ಕೆ ಬಿಟ್ಟದ್ದು ಒಂದೆರಡು ನಿಮಿಷದಲ್ಲಿ ಗುಂಡಿಗೆ, ಶ್ವಾಸಕೋಶ ದಾಟಿ ಮೈಯೆಲ್ಲ ಹರಡುತ್ತದೆ. ಅಂಟುವಾಳದಂತೆ ನೊರೆ ಬರುವ ಗಿಡದ ರಸ ರಕ್ತದ ಕೆಂಪು ಕಣಗಳನ್ನೇ ಒಡೆಯುತ್ತದೆ. ಎಣ್ಣೆಯ ಹನಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕುದಿಸಿ ಕ್ರಿಮಿಯನ್ನು ಕೊಂದರೂ ಸತ್ತ ಕ್ರಿಮಿಯ ವಿಷ ಉಳಿದು ಗಡಗಡ ನಡುಗಿಸುತ್ತದೆ. ಆ ಚಳಿಗೆ ನಮ್ಮವರು "ಮದ್ದು ಹಿಡಿಯಿತು" ಎನ್ನುತ್ತಾರೆ! ಇನ್ನು ಸೂಜಿಯ ಮಾತು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯಲ್ಲಿ ಹಲವರಲ್ಲಿ ಎಚ್.ಐ.ವಿ. ಕಂಡಾಗ, ಒಂದೇ ಸೂಜಿಯನ್ನು ಮತ್ತೆ ಮತ್ತೆ ಬಳಸಿದ ನಕಲಿ ವೈದ್ಯನೇ ಕಾರಣ ಎಂದು ಅಲ್ಲಿಯ ಆರೋಗ್ಯ ಇಲಾಖೆ ಹೇಳಿತು.

ಕಾನೂನೂ ಸ್ಪಷ್ಟವಾಗಿದೆ. 1940ರ ಔಷಧ ಕಾಯ್ದೆ, ಈಗ ಇರುವ ರೂಪದಲ್ಲಿ, ಆಯುರ್ವೇದ ಕಂಪನಿಗಳ ಸ್ವಂತ ತಯಾರಿಕೆಗಳ ಲೆಕ್ಕದಿಂದ ಚುಚ್ಚುವ ಔಷಧಿಯನ್ನು ಹೊರಗಿಟ್ಟಿದೆ. ಚೀಲದವರು ಆಯುರ್ವೇದದ ಹೆಸರು ಹೇಳಿ ಆಯುರ್ವೇದಕ್ಕೂ ಮಸಿ ಬಳಿಯುತ್ತಾರೆ.

ಇಷ್ಟೆಲ್ಲ ಹೇಳಿ ಜನರನ್ನು ಮೂಢರೆಂದು ಬೈದು ಇಳಿದುಹೋಗುವುದು ಸುಲಭ. ಪೇಟೆಯ ವಿದ್ಯಾವಂತರು ಮಾಡುವುದು ಅದನ್ನೇ. ಆದರೆ ಚೀಲದವರು ಬರುವುದು ಯಾವಾಗ? ಕೂಲಿ ಮುಗಿಸಿ ಕೈಕಾಲು ತೊಳೆದ ಮೇಲೆ. ಆಸ್ಪತ್ರೆಯ ಚೀಟಿ ಕೊಡುವುದು ಯಾವಾಗ? ಕೂಲಿಯ ಹೊತ್ತಿನಲ್ಲಿ. ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಯಿತು, ಮೇಲೆ ಬಸ್ಸಿನ ಚಾರ್ಜು. ಚೀಲದವರು ಸಾಲಕ್ಕೂ ಕೊಡುತ್ತಾರೆ, ಮೈ ಮುಟ್ಟಿ "ಏನಮ್ಮ, ಹೇಗಿದ್ದೀಯೆ" ಎನ್ನುತ್ತಾರೆ. ಆ ಒಂದು ಮಾತಿಗೆ ನಮ್ಮ ಜನ ಹಣ ಕೊಡುತ್ತಿದ್ದಾರೆ. ಶೇಕಡಾ 5ರ ಗ್ಲೂಕೋಸು ಅರ್ಧ ಲೀಟರಿನಲ್ಲಿ ಇರುವುದು 25 ಗ್ರಾಂ ಸಕ್ಕರೆ. ಊಟ ಮಾಡಬಲ್ಲವರಿಗೆ ಒಂದು ಲೋಟ ಬೆಲ್ಲದ ಪಾನಕ ಸಾಕು. ಲೆಕ್ಕ ನೀವೇ ಹಾಕಿರಿ.

ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000 ರೂಪಾಯಿ ಆಗಿದೆ. ಅದು ಬ್ಯಾಂಕಿನ ಖಾತೆಗೆ ಬರಬೇಕು. ಬಾರದವರು ನಮ್ಮ ಕಾರ್ಯಕರ್ತರಿಗೆ ಪಾಸುಪುಸ್ತಕ ತೋರಿಸಿರಿ. ಮಾತ್ರೆಯನ್ನು ಮನೆಬಾಗಿಲಿಗೆ ಮುಟ್ಟಿಸುವ ಆಶಾ ಕಾರ್ಯಕರ್ತೆಯರಿಗೆ 'ಗೌರವಧನ'ವಲ್ಲ, ಸಂಬಳ ಕೊಡಬೇಕೆಂದು ನಮ್ಮ ಪಕ್ಷ ಕೇಳುತ್ತದೆ. ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೆ ಮೂರು ದಿನವಾದರೂ ಸಂಜೆ ಆರರಿಂದ ಎಂಟರವರೆಗೆ ವೈದ್ಯರು ಕೂರಬೇಕು. ಇಷ್ಟನ್ನೇ ಬರೆದ ಅರ್ಜಿ ಅಲ್ಲಿ ಮೇಜಿನ ಮೇಲಿದೆ. ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಕೊಡಲು ಸೋಮವಾರ ದಾವಣಗೆರೆಗೆ ಹೋಗುತ್ತೇವೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿರಿ, ಮಸಿಯೂ ಅಲ್ಲೇ ಇದೆ.